ಹೊಟ್ಟೆಯೊಳಗಿನ ಗುಟ್ಟು ಹೇಳುವ ಸದ್ದು

ರೋಣ, ನರಗುಂದ, ಗಜೇಂದ್ರಗಡದಂಥ ಊರುಗಳಲ್ಲಿ ಸ್ಕ್ಯಾನಿಂಗ್ ಕೇಂದ್ರದ ಬಾಗಿಲಿಗೆ ಹೋದವರಿಗೆ ಮೊದಲು ಕಣ್ಣಿಗೆ ಬೀಳುವುದು ಒಂದು ಫಲಕ: ‘ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ’. 1994ರ ಕಾಯ್ದೆಯ ಪ್ರಕಾರ ಅದು ಅಲ್ಲಿ ಇರಲೇಬೇಕು. ಆ ಫಲಕವನ್ನೇ ನೋಡಿ ನೋಡಿ, ಸ್ಕ್ಯಾನಿಂಗ್ ಎಂದರೆ ಬಸುರಿ ಹೆಂಗಸರಿಗೆ ಮಾತ್ರ ಎಂದುಕೊಂಡವರು ಬಹಳ. ಆದರೆ ಅದೇ ಯಂತ್ರ ಕುರಿ ಕಾಯುವವನ ಹೊಟ್ಟೆಯಲ್ಲಿ ಹತ್ತು ವರ್ಷದಿಂದ ಅಡಗಿ ಕುಳಿತ ಜಂತುವಿನ ಗೂಡನ್ನು ತೋರಿಸಬಲ್ಲದು. ಹೆದ್ದಾರಿಯಲ್ಲಿ ಕಾರು ಗುದ್ದಿಸಿಕೊಂಡು ‘ನನಗೇನೂ ಆಗಿಲ್ಲ’ ಎನ್ನುವವನ ಹೊಟ್ಟೆಯೊಳಗೆ ರಕ್ತ ಸೋರುತ್ತಿರುವುದನ್ನೂ ತೋರಿಸಬಲ್ಲದು. ಎರಡು ಕಡೆಯೂ ಹೆಚ್ಚಾಗಿ ಪೆಟ್ಟು ತಿನ್ನುವ ಅಂಗ ಒಂದೇ: ಬಲ ಪಕ್ಕೆಲುಬಿನ ಕೆಳಗಿರುವ, ಸುಮಾರು ಒಂದೂವರೆ ಕಿಲೋ ತೂಗುವ ಯಕೃತ್ತು. ಆಡುಮಾತಿನಲ್ಲಿ ಲಿವರ್.

ಮನುಷ್ಯನ ಕಿವಿ ಸೆಕೆಂಡಿಗೆ 20,000 ಕಂಪನಗಳವರೆಗಿನ ಸದ್ದನ್ನು ಮಾತ್ರ ಕೇಳಬಲ್ಲದು. ಹೊಟ್ಟೆಯ ಸ್ಕ್ಯಾನಿಂಗಿಗೆ ಬಳಸುವ ಶ್ರವಣಾತೀತ ಧ್ವನಿಯ ಕಂಪನ ಸೆಕೆಂಡಿಗೆ 20 ಲಕ್ಷದಿಂದ 50 ಲಕ್ಷ. ಮೈಯ ಮೆತ್ತನೆಯ ಭಾಗಗಳಲ್ಲಿ ಅದು ಸೆಕೆಂಡಿಗೆ ಸುಮಾರು 1,540 ಮೀಟರ್ ವೇಗದಲ್ಲಿ ಸಾಗಿ, ದಾರಿಯಲ್ಲಿ ಸಿಕ್ಕ ಪ್ರತಿ ಅಂಚಿಗೂ ಬಡಿದು ಮಾರ್ದನಿಯಾಗಿ ಮರಳುತ್ತದೆ. ಹತ್ತು ಸೆಂಟಿಮೀಟರ್ ಆಳದಿಂದ ಮಾರ್ದನಿ ಬರಲು ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಭಾಗಕ್ಕಿಂತ ತುಸು ಹೆಚ್ಚು ಸಮಯ ಸಾಕು. ಯಂತ್ರ ಈ ಸಮಯವನ್ನು ಲೆಕ್ಕಹಾಕಿ ಚಿತ್ರ ಬಿಡಿಸುತ್ತದೆ. ನೀರು, ರಕ್ತದಂಥ ದ್ರವದೊಳಗೆ ಬಡಿದು ಮರಳಲು ಅಂಚೇ ಇಲ್ಲ. ಹಾಗಾಗಿ ದ್ರವ ಪರದೆಯ ಮೇಲೆ ಕಪ್ಪಾಗಿ ಕಾಣುತ್ತದೆ. ಈ ಒಂದು ಸಂಗತಿಯನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

ಲೋಹದಲ್ಲಿನ ಬಿರುಕು ಹುಡುಕಲು ಕಾರ್ಖಾನೆಗಳು ಬಳಸುತ್ತಿದ್ದ ಉಪಕರಣವನ್ನು ಮನುಷ್ಯರ ಹೊಟ್ಟೆಯ ಮೇಲೆ ಇಟ್ಟು ನೋಡಿದವರು ಸ್ಕಾಟ್ಲೆಂಡಿನ ಗ್ಲಾಸ್ಗೋದ ವೈದ್ಯ ಇಯಾನ್ ಡೊನಾಲ್ಡ್. ಅವರೂ ಅವರ ಸಂಗಡಿಗರೂ 1958ರಲ್ಲಿ ಪ್ರಕಟಿಸಿದ ಲೇಖನದಿಂದ ಈ ವಿದ್ಯೆ ವೈದ್ಯಲೋಕದಲ್ಲಿ ನೆಲೆಯೂರಿತು.

ಕುರಿ, ನಾಯಿ, ಮನುಷ್ಯ

ಸುಗ್ಗಿ ಮುಗಿದ ಎರೆಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿ ನಿಲ್ಲಿಸುವುದು ಗದಗ ಜಿಲ್ಲೆಯ ಈ ಭಾಗಕ್ಕೆ ಹೊಸದಲ್ಲ. ಹಿಂಡಿನ ಜೊತೆಗೆ ಕುರಿಗಾರ, ಕುರಿಗಾರನ ಜೊತೆಗೆ ನಾಯಿ. ಈ ಮೂವರ ನಡುವೆ ಕಣ್ಣಿಗೆ ಕಾಣದೆ ಓಡಾಡುವ ನಾಲ್ಕನೆಯದೊಂದು ಇರಬಹುದು. ಅದು ಎಕಿನೊಕಾಕಸ್ ಎಂಬ ಲಾಡಿಹುಳು. ಬೇರೆ ಲಾಡಿಹುಳುಗಳು ಮೊಳಗಟ್ಟಲೆ ಉದ್ದ ಬೆಳೆದರೆ ಇದು ಕೆಲವೇ ಮಿಲಿಮೀಟರ್. ವಾಸ ನಾಯಿಯ ಕರುಳಿನಲ್ಲಿ. ನಾಯಿಗೆ ಇದರಿಂದ ಅಂಥ ತೊಂದರೆಯೇನೂ ಆಗುವುದಿಲ್ಲ.

ಹುಳುವಿನ ತತ್ತಿಗಳು ನಾಯಿಯ ಹೇಲಿನಲ್ಲಿ ಹೊರಬಂದು ಹುಲ್ಲಿಗೆ, ಮಣ್ಣಿಗೆ, ನೀರಿಗೆ ಸೇರುತ್ತವೆ. ಕುರಿ ಹುಲ್ಲಿನ ಜೊತೆ ಅವನ್ನು ನುಂಗುತ್ತದೆ. ಕುರಿಯ ಲಿವರಿನಲ್ಲೋ ಪುಪ್ಪುಸದಲ್ಲೋ ನೀರು ತುಂಬಿದ ಗುಳ್ಳೆ ಬೆಳೆಯುತ್ತದೆ. ಕುರಿ ಕೊಯ್ದಾಗ ಗುಳ್ಳೆಯಿದ್ದ ಲಿವರನ್ನು ‘ಕೆಟ್ಟಿದೆ’ ಎಂದು ನಾಯಿಗೆ ಎಸೆಯುತ್ತಾರೆ. ಅಲ್ಲಿಗೆ ಚಕ್ರ ಪೂರ್ತಿಯಾಯಿತು.

ಮನುಷ್ಯ ಈ ಚಕ್ರದೊಳಗೆ ಬರುವುದು ಆಕಸ್ಮಿಕವಾಗಿ. ನಾಯಿಯ ಮೈ ಸವರಿದ ಕೈಯಲ್ಲೇ ಉಂಡ ಹುಡುಗನ ಹೊಟ್ಟೆಗೆ, ತೊಳೆಯದ ಸೊಪ್ಪು ತಿಂದವರ ಹೊಟ್ಟೆಗೆ ತತ್ತಿ ಹೋಗುತ್ತದೆ. ಮಾಂಸ ತಿಂದರೆ ಈ ರೋಗ ಬರುತ್ತದೆ ಎಂಬುದು ತಪ್ಪು, ಸಸ್ಯಾಹಾರಿಗಳಿಗೂ ಬರಬಹುದು. ಮನುಷ್ಯನಿಂದ ಮನುಷ್ಯನಿಗೆ ಅಂಟುವುದಿಲ್ಲ. ಕರುಳಿನಲ್ಲಿ ಒಡೆದ ತತ್ತಿಯಿಂದ ಹೊರಬಂದ ಮರಿ ರಕ್ತದ ಜೊತೆ ಹೊರಟು ಹೆಚ್ಚಿನ ವೇಳೆ ಲಿವರಿನಲ್ಲೇ ತಂಗುತ್ತದೆ. ಅಲ್ಲಿ ಅದು ಕಟ್ಟಿಕೊಳ್ಳುವ ಚೀಲಕ್ಕೆ ಹೈಡಾಟಿಡ್ ಎಂದು ಹೆಸರು. ಅದು ಬೆಳೆಯುವುದು ಎಷ್ಟು ನಿಧಾನವೆಂದರೆ, ಎಂಟನೆಯ ವಯಸ್ಸಿನಲ್ಲಿ ಹೊಕ್ಕ ತತ್ತಿಯ ಸುದ್ದಿ ಮೂವತ್ತನೆಯ ವಯಸ್ಸಿನಲ್ಲಿ ತಿಳಿದರೂ ಆಶ್ಚರ್ಯವಿಲ್ಲ.

ಸ್ಕ್ಯಾನಿಂಗಿನಲ್ಲಿ ಈ ಚೀಲ ತನ್ನ ವಯಸ್ಸನ್ನೂ ಹೇಳುತ್ತದೆ. ಎಳೆಯದಾದರೆ ಎರಡು ಗೆರೆಯ ಅಂಚಿನ ಒಂದೇ ಕಪ್ಪು ಗುಂಡು. ಆಮೇಲೆ ಒಳಗೆ ಮರಿಚೀಲಗಳು ತುಂಬಿ ಜೇನುಗೂಡಿನಂತೆ ಕಾಣುತ್ತದೆ. ಒಳಪೊರೆ ಕಳಚಿಕೊಂಡಾಗ ನೀರಿನ ಮೇಲಿನ ನೈದಿಲೆಯಂತೆ ತೇಲುತ್ತದೆ. ಕೊನೆಗೆ ಗಟ್ಟಿಯಾಗಿ ಸುಣ್ಣ ಕಟ್ಟುತ್ತದೆ. ಟುನೀಸಿಯಾದ ವೈದ್ಯ ಘರ್ಬಿ ಮತ್ತು ಸಂಗಡಿಗರು 1981ರಲ್ಲಿ ಈ ರೂಪಗಳನ್ನು ವಿಂಗಡಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಗುಂಪು ಅದನ್ನು ತಿದ್ದಿ 2003ರಲ್ಲಿ ಐದು ಹಂತಗಳ ಪಟ್ಟಿ ಪ್ರಕಟಿಸಿತು. ಚಿಕಿತ್ಸೆ ನಿರ್ಧಾರವಾಗುವುದು ಈ ಹಂತದ ಮೇಲೆ: ಕೆಲವಕ್ಕೆ ಆಲ್ಬೆಂಡಜೋಲ್ ಮಾತ್ರೆ, ಕೆಲವಕ್ಕೆ ಸೂಜಿಯಿಂದ ನೀರು ತೆಗೆದು ಔಷಧ ಹಾಕುವ ವಿಧಾನ, ಕೆಲವಕ್ಕೆ ಶಸ್ತ್ರಚಿಕಿತ್ಸೆ. ಸುಣ್ಣ ಕಟ್ಟಿ ಸುಮ್ಮನಿರುವುದನ್ನು ಆಗಾಗ ನೋಡುತ್ತಿದ್ದರೆ ಸಾಕು.

ಕೀನ್ಯಾದ ತುರ್ಕಾನಾ ಪ್ರದೇಶದಲ್ಲಿ 1980ರ ದಶಕದಲ್ಲಿ ಎತ್ತಿಕೊಂಡು ಹೋಗಬಹುದಾದ ಸ್ಕ್ಯಾನಿಂಗ್ ಯಂತ್ರವನ್ನು ದನಗಾಹಿಗಳ ಬಿಡಾರಕ್ಕೇ ಒಯ್ದು, ನೋವೇ ಇಲ್ಲದವರಲ್ಲೂ ಚೀಲಗಳನ್ನು ಪತ್ತೆ ಹಚ್ಚಿದರು. ನಮ್ಮಲ್ಲಿ ಯಂತ್ರವನ್ನು ಹಾಗೆ ಹಟ್ಟಿಯಿಂದ ಹಟ್ಟಿಗೆ ಹೊತ್ತು ತಿರುಗುವಂತಿಲ್ಲ. ಹೆಣ್ಣು ಭ್ರೂಣಗಳನ್ನು ಉಳಿಸಲು ಬಂದ ಕಾಯ್ದೆಯ ಪ್ರಕಾರ ಪ್ರತಿ ಯಂತ್ರವೂ ನೋಂದಣಿಯಾಗಿರಬೇಕು. ನೋಂದಾಯಿತ ಕೇಂದ್ರದಲ್ಲೋ ನಿಯಮಬದ್ಧ ಸಂಚಾರಿ ವೈದ್ಯಕೀಯ ಘಟಕದಲ್ಲೋ ಮಾತ್ರ ಬಳಸಬೇಕು. ಕಾಯ್ದೆಯ ಉದ್ದೇಶ ದೊಡ್ಡದು. ಹಾಗಾಗಿ ಇಲ್ಲಿ ಯಂತ್ರ ಕುರಿಗಾರನ ಬಳಿಗೆ ಬರುವುದಕ್ಕಿಂತ ಕುರಿಗಾರನೇ ಯಂತ್ರದ ಬಳಿಗೆ ಹೋಗಬೇಕು. ಬಲಪಕ್ಕೆಯಲ್ಲಿ ಭಾರ, ಗಂಟು ಅಥವಾ ಮೇಲಿಂದ ಮೇಲೆ ನೋವು ಇದ್ದರೆ ‘ಉಷ್ಣ’ ಎಂದು ಸುಮ್ಮನಿರುವುದು ತರವಲ್ಲ.

ಒಂದು ಬಕಲ್ ಕಲಿಸಿದ ಪಾಠ

ಇನ್ನು ರಸ್ತೆಯ ಕಥೆ. ಅಪಘಾತದಲ್ಲಿ ಆಗುವ ಗಾಯಗಳ ಸಂಶೋಧನೆಯ ಮೂಲದಲ್ಲೂ ಒಂದು ಲಿವರ್ ಇದೆ! 1917ರಲ್ಲಿ ವಿಮಾನ ಹಾರಿಸಲು ಕಲಿಯುತ್ತಿದ್ದ ಹ್ಯೂ ಡಿ ಹೇವನ್ ಎಂಬ ಅಮೆರಿಕದ ತರುಣನ ವಿಮಾನ ಅಪಘಾತಕ್ಕೀಡಾಯಿತು. ಕಾಲು ಮುರಿದವು, ಲಿವರ್ ಹರಿಯಿತು. ಆಸ್ಪತ್ರೆಯಲ್ಲಿ ಮಲಗಿದ್ದಾಗ ಅವನಿಗೆ ಹೊಳೆದದ್ದು ಇದು: ಹೊಟ್ಟೆ ಹರಿದದ್ದು ವಿಮಾನ ಬಿದ್ದದ್ದರಿಂದಲ್ಲ, ಸೊಂಟದ ಬೆಲ್ಟಿನ ಚೂಪಾದ ಬಕಲ್ಲಿನಿಂದ. ಅಂದರೆ ಗಾಯ ಹಣೆಬರಹವಲ್ಲ, ವಿನ್ಯಾಸದ ದೋಷ.

ಎತ್ತರದಿಂದ ಬಿದ್ದೂ ಬದುಕಿದವರ ಪ್ರಕರಣಗಳನ್ನು ಡಿ ಹೇವನ್ 1942ರಲ್ಲಿ ಪ್ರಕಟಿಸಿದರು. ಪೆಟ್ಟಿನ ಬಲ ಹೆಚ್ಚು ಜಾಗಕ್ಕೆ, ಹೆಚ್ಚು ಸಮಯಕ್ಕೆ ಹಂಚಿಹೋದರೆ ಮೈ ಬಹಳಷ್ಟನ್ನು ತಾಳಿಕೊಳ್ಳುತ್ತದೆ ಎಂಬುದು ಅವರ ತೀರ್ಮಾನ. 1959ರಲ್ಲಿ ವೋಲ್ವೊ ಕಂಪನಿಯ ನಿಲ್ಸ್ ಬೋಲಿನ್ ರೂಪಿಸಿದ ಮೂರು ಬಿಂದುವಿನ ಸೀಟ್ ಬೆಲ್ಟ್ ಇದೇ ತತ್ವದ್ದು. ಪೇಟೆಂಟ್ ಇದ್ದರೂ ಕಂಪನಿ ಅದನ್ನು ಎಲ್ಲ ತಯಾರಕರಿಗೂ ಬಿಟ್ಟುಕೊಟ್ಟಿತು. ಭಾರತದಲ್ಲಿ 2023ರ ಅಕ್ಟೋಬರಿನಲ್ಲಿ ಆರಂಭವಾದ ‘ಭಾರತ್ ಎನ್‌ಕ್ಯಾಪ್’ ಪರೀಕ್ಷೆಯಲ್ಲಿ ಕಾರನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ತಡೆಗೆ ಗುದ್ದಿಸಿ ನೋಡುತ್ತಾರೆ. ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಬಹುದು: ಆ ವೇಗ ಸುಮಾರು 16 ಮೀಟರ್ ಎತ್ತರದಿಂದ ಬಿದ್ದವನು ನೆಲ ಮುಟ್ಟುವಾಗಿನ ವೇಗಕ್ಕೆ ಸಮ. ಅಂದರೆ ಐದು ಅಂತಸ್ತಿನ ಕಟ್ಟಡ!

ಗುದ್ದುವುದು ಒಮ್ಮೆಯಲ್ಲ, ಮೂರು ಸಲ. ಮೊದಲು ಕಾರು ಮರಕ್ಕೆ. ಆಮೇಲೆ ಮನುಷ್ಯ ಕಾರಿಗೆ. ಕೊನೆಗೆ ಮೈಯೊಳಗಿನ ಅಂಗ ಮೈಗೆ. ಮೂರನೆಯದು ಹೊರಗೆ ಕಾಣುವುದಿಲ್ಲ. ಅಲ್ಲಿಗೇ ಮತ್ತೆ ಸ್ಕ್ಯಾನಿಂಗ್ ಬರುತ್ತದೆ. 1990ರ ದಶಕದಲ್ಲಿ ‘ಫಾಸ್ಟ್’ ಎಂಬ ಹೆಸರು ಪಡೆದ ಪರೀಕ್ಷೆಯಲ್ಲಿ ವೈದ್ಯರು ನಾಲ್ಕೇ ಜಾಗ ನೋಡುತ್ತಾರೆ: ಲಿವರ್ ಮತ್ತು ಮೂತ್ರಪಿಂಡದ ನಡುವೆ, ಗುಲ್ಮದ ಸುತ್ತ, ಕಿಬ್ಬೊಟ್ಟೆ, ಹೃದಯದ ಸುತ್ತ. ಇರಬಾರದ ಜಾಗದಲ್ಲಿ ಕಪ್ಪು ಪಟ್ಟಿ ಕಂಡರೆ ರಕ್ತದ ಅನುಮಾನ. ಕೆಲವೇ ನಿಮಿಷದ ಕೆಲಸ. ಆದರೆ ಏನೂ ಕಾಣಲಿಲ್ಲವೆಂದರೆ ಗಾಯವೇ ಇಲ್ಲ ಎಂದಲ್ಲ; ಸಿ.ಟಿ. ಸ್ಕ್ಯಾನ್ ಬೇಕಾಗಬಹುದು.

ಎರಡು ಕಥೆಗಳೂ ಒಂದೇ ಹೊಟ್ಟೆಯಲ್ಲಿ ಕೂಡುವುದೂ ಉಂಟು. ಲಿವರಿನಲ್ಲಿ ಚೀಲವಿದ್ದವನಿಗೆ ಅಪಘಾತದಲ್ಲಿ ಪೆಟ್ಟು ಬಿದ್ದು ಚೀಲ ಒಡೆದರೆ, ಆ ನೀರಿನಿಂದ ತೀವ್ರ ಅಲರ್ಜಿಯಾಗಿ ಪ್ರಾಣಕ್ಕೇ ಕುತ್ತು ಬರಬಹುದು. ಚೆಲ್ಲಿದ ಬೀಜಗಳಿಂದ ಹೊಟ್ಟೆತುಂಬ ಹೊಸ ಚೀಲಗಳೂ ಹುಟ್ಟಬಹುದು. ಪರದೆಯ ಮೇಲೆ ಆ ನೀರೂ ಕಪ್ಪು, ರಕ್ತವೂ ಕಪ್ಪು. ‘ಇವನು ಕುರಿ ಕಾಯುತ್ತಾನೆ, ಮನೆಯಲ್ಲಿ ನಾಯಿ ಇದೆ’ ಎಂದು ಜೊತೆಗೆ ಬಂದವರು ಹೇಳುವ ಒಂದು ಮಾತು ವೈದ್ಯರಿಗೆ ದಾರಿ ತೋರಿಸೀತು.

ಮನೆಗೆ ಒಯ್ಯುವ ಪಾಠ

ಹುಬ್ಬಳ್ಳಿ–ವಿಜಯಪುರ ಹೆದ್ದಾರಿ ನರಗುಂದದ ಮೇಲೆಯೇ ಹಾಯುತ್ತದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಕಾರಿನವರಿಗೆ ಬೆಲ್ಟ್ ಇದೆ. ಅದನ್ನು ಹೊಟ್ಟೆಯ ಮೇಲಲ್ಲ, ಕೆಳಗೆ ಸೊಂಟದ ಮೂಳೆಯ ಮೇಲೆ ಕಟ್ಟಬೇಕು. ಬೈಕಿನವರಿಗೆ ಹೆಲ್ಮೆಟ್ ಇದೆ. ಟಂಟಂ ಹಿಂದೆ ನಿಂತು ಹೊಲಕ್ಕೆ ಹೋಗುವ ಹೆಣ್ಣುಮಕ್ಕಳಿಗೆ, ಜೋತುಬಿದ್ದು ಶಾಲೆಗೆ ಹೋಗುವ ಹುಡುಗರಿಗೆ ಈ ನೂರು ವರ್ಷದ ಸಂಶೋಧನೆಯಿಂದ ಇನ್ನೂ ಏನೂ ದಕ್ಕಿಲ್ಲ. ಅವರನ್ನು ಹಾಗೆ ಕಳಿಸದಿರುವುದೊಂದೇ ಸದ್ಯದ ಉಪಾಯ. ಪೆಟ್ಟು ಬಿದ್ದವರು ನಗುತ್ತ ಎದ್ದು ಕುಳಿತರೂ ಹೊಟ್ಟೆನೋವು, ತಲೆಸುತ್ತು, ಬೆವರು ಕಂಡರೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯಬೇಕು.

ಜಂತುವಿನ ವಿಷಯದಲ್ಲಿ ಉಪಾಯ ಇನ್ನೂ ಅಗ್ಗ. ಉಣ್ಣುವ ಮುನ್ನ ಕೈತೊಳೆಯುವುದು, ಸೊಪ್ಪು ತೊಳೆಯುವುದು, ಕೊಯ್ದ ಕುರಿಯ ಒಳಭಾಗಗಳನ್ನು ನಾಯಿಗೆ ಹಾಕದೆ ಆಳವಾಗಿ ಹೂಳುವುದು, ಪಶುವೈದ್ಯರನ್ನು ಕೇಳಿ ನಾಯಿಗೆ ಹುಳುವಿನ ಔಷಧ ಕೊಡಿಸುವುದು.

ಇಷ್ಟರಿಂದ ರೋಗ ಹೋದೀತೇ ಎಂಬ ಅನುಮಾನ ಬೇಡ. ಐಸ್‌ಲ್ಯಾಂಡ್ ಒಂದು ಕಾಲಕ್ಕೆ ಈ ರೋಗದ ತವರಾಗಿತ್ತು. 1860ರ ದಶಕದಲ್ಲಿ ಕ್ರಾಬೆ ಎಂಬ ವಿಜ್ಞಾನಿ ಕುರಿ, ನಾಯಿ, ಮನುಷ್ಯರ ಈ ಚಕ್ರವನ್ನು ವಿವರಿಸಿ ಬರೆದ ಕಿರುಹೊತ್ತಿಗೆಯನ್ನು ಅಲ್ಲಿಯ ಮನೆಮನೆಗೆ ಪುಕ್ಕಟೆ ಹಂಚಿದರು. ಓದು ಬಲ್ಲ ಜನ ಓದಿದರು, ಓದಿದಂತೆ ನಡೆದರು. ನಾಯಿ ಸಾಕಲು ಕಾನೂನುಗಳೂ ಬಂದವು. ಇಪ್ಪತ್ತನೆಯ ಶತಮಾನದಲ್ಲಿ ರೋಗ ಅಲ್ಲಿಂದ ಕಾಲ್ತೆಗೆಯಿತು. ಆಗ ಅವರ ಬಳಿ ಸ್ಕ್ಯಾನಿಂಗ್ ಯಂತ್ರವೂ ಇರಲಿಲ್ಲ, ಆಲ್ಬೆಂಡಜೋಲ್ ಮಾತ್ರೆಯೂ ಇರಲಿಲ್ಲ. ಇದ್ದದ್ದು ಓದುವ ಮಕ್ಕಳು, ಅವರ ಮಾತು ಕೇಳುವ ಮನೆಯವರು.