ಬಾವಲಿಯ ಕತೆಯಾಚೆ: ಓಜಿ ಓಸ್ಬೋರ್ನ್ ಅತಿರೇಕದ ಲೆಕ್ಕ ತೀರಿಸಿದವರು ಯಾರು?

ಬ್ರಿಟನ್ನಿನ ರಾಕ್ ಗಾಯಕ ಓಜಿ ಓಸ್ಬೋರ್ನ್ 2025ರ ಜುಲೈ 22ರಂದು, ತಮ್ಮ 76ನೇ ವಯಸ್ಸಿನಲ್ಲಿ ನಿಧನರಾದಾಗ ಜಗತ್ತಿನ ಪತ್ರಿಕೆಗಳು ಪ್ರಕಟಿಸಿದ ಶ್ರದ್ಧಾಂಜಲಿ ಲೇಖನಗಳಲ್ಲಿ ಒಂದು ಬಾವಲಿ ತಪ್ಪದೇ ಹಾಜರಿತ್ತು. ಸಾವಿಗೆ ಕೇವಲ 17 ದಿನ ಮೊದಲು, ಜುಲೈ 5ರಂದು, ಬರ್ಮಿಂಗ್‌ಹ್ಯಾಮ್ ನಗರದ ವಿಲ್ಲಾ ಪಾರ್ಕ್ ಕ್ರೀಡಾಂಗಣದಲ್ಲಿ ಅವರು ಕೊನೆಯ ಬಾರಿಗೆ ಹಾಡಿದ್ದರು. ಎದ್ದು ನಿಲ್ಲಲು ಕಾಲುಗಳಲ್ಲಿ ಶಕ್ತಿಯಿರಲಿಲ್ಲ. ಕಪ್ಪು ಸಿಂಹಾಸನವೊಂದರಲ್ಲಿ ಕುಳಿತೇ ಹಾಡಿದರು. 'ಬ್ಲ್ಯಾಕ್ ಸಬ್ಬತ್' ತಂಡದ ಮೂಲ ಸದಸ್ಯರಾದ ನಾಲ್ವರೂ 2005ರ ನಂತರ ಒಂದೇ ವೇದಿಕೆಯ ಮೇಲೆ ಕಾಣಿಸಿಕೊಂಡದ್ದು ಅದೇ ಮೊದಲು.

ಎಲ್ಲವನ್ನೂ ಮಾಡಿ, ಎಲ್ಲವನ್ನೂ ದಕ್ಕಿಸಿಕೊಂಡ ಮನುಷ್ಯ ಎಂಬುದು ಆ ಲೇಖನಗಳ ಒಟ್ಟು ಧಾಟಿಯಾಗಿತ್ತು. ಹೆಂಡ, ಕೊಕೇನ್, ಸೆರೆವಾಸ, ಅಪಘಾತ, ಯಾವುದಕ್ಕೂ ಜಗ್ಗದ ಜೀವ ಎಂಬ ಬೆರಗು ಅಲ್ಲಿತ್ತು. ಬೆರಗು ಸಹಜವೇ. ಆದರೆ ದಕ್ಕಿಸಿಕೊಂಡದ್ದು ಅವರೊಬ್ಬರೇ. ಅವರ ಸುತ್ತ ಇದ್ದವರ ಪಾಲಿಗೆ ಏನು ಉಳಿಯಿತು ಎಂಬ ಪ್ರಶ್ನೆಯನ್ನು ಕೇಳುವ ಗೋಜಿಗೆ ಹೋದವರು ವಿರಳ.

ಓಸ್ಬೋರ್ನ್ ಹುಟ್ಟಿದ್ದು 1948ರ ಡಿಸೆಂಬರ್ 3ರಂದು, ಬೆಳೆದದ್ದು ಬರ್ಮಿಂಗ್‌ಹ್ಯಾಮ್‌ನ ಆಸ್ಟನ್ ಬಡಾವಣೆಯಲ್ಲಿ. ಜಾನ್ ಮೈಕೆಲ್ ಎಂಬುದು ತಂದೆತಾಯಿ ಇಟ್ಟ ಹೆಸರು. ಆರು ಮಕ್ಕಳ ಸಂಸಾರ. ತಂದೆ ಕಾರ್ಖಾನೆಯಲ್ಲಿ ರಾತ್ರಿ ಪಾಳಿಯ ಕೆಲಸಗಾರ, ತಾಯಿ ಮೋಟಾರು ಬಿಡಿಭಾಗ ತಯಾರಿಸುವ ಲೂಕಾಸ್ ಕಂಪನಿಯಲ್ಲಿ ಉದ್ಯೋಗಿ. ಅಕ್ಷರಗಳನ್ನು ಗುರುತಿಸಲು ತೊಡಕಾಗುವ ಡಿಸ್ಲೆಕ್ಸಿಯಾ ಇದ್ದ ಹುಡುಗ 15ರ ವಯಸ್ಸಿಗೇ ಶಾಲೆ ಬಿಟ್ಟ. ಕಸಾಯಿಖಾನೆಯಲ್ಲಿ ಕೆಲಸ ಮಾಡಿದ, ಕಾರಿನ ಹಾರ್ನ್‌ಗಳ ಸದ್ದು ಸರಿಪಡಿಸುವ ಕೆಲಸವನ್ನೂ ಮಾಡಿದ. ಕಳ್ಳತನ ಮಾಡಿ ಸಿಕ್ಕಿಬಿದ್ದಾಗ ದಂಡ ಕಟ್ಟಲು ತಂದೆ ನಿರಾಕರಿಸಿದರು. ಬುದ್ಧಿ ಬರಲಿ ಎಂಬುದು ಅವರ ಇಂಗಿತ. ಪರಿಣಾಮವಾಗಿ ವಿನ್ಸನ್ ಗ್ರೀನ್ ಸೆರೆಮನೆಯಲ್ಲಿ ಆರು ವಾರ.

1968ರಲ್ಲಿ ಅವರೊಡನೆ ತಂಡ ಕಟ್ಟಿದ ಟೋನಿ ಐಯೋಮಿ, ಗೀಝರ್ ಬಟ್ಲರ್, ಬಿಲ್ ವಾರ್ಡ್ ಕೂಡ ಅದೇ ನಗರದ ದುಡಿಯುವ ವರ್ಗದ ಹುಡುಗರು. ಗಿಟಾರ್ ವಾದಕ ಐಯೋಮಿ 17ರ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯಲ್ಲಿ, ಅದೂ ಕೆಲಸದ ಕೊನೆಯ ದಿನ, ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಕಳೆದುಕೊಂಡಿದ್ದರು. ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ತಮ್ಮ ಬೆರಳಿಗೆ ತಾವೇ ತೊಪ್ಪಿಗೆ ಮಾಡಿಕೊಂಡರು. ಬಿಗಿಯಾದ ತಂತಿಗಳನ್ನು ಒತ್ತುವುದು ನೋವಿನ ಕೆಲಸವಾದ್ದರಿಂದ ಮುಂದೆ ತಂತಿಗಳನ್ನು ಸಡಿಲಗೊಳಿಸಿ, ಶ್ರುತಿ ತಗ್ಗಿಸಿ ನುಡಿಸತೊಡಗಿದರು. ಇಂದು 'ಹೆವಿ ಮೆಟಲ್' ಎಂದು ಕರೆಯಲಾಗುವ ಆ ಮಂದ, ಭಾರವಾದ ನಾದಕ್ಕೆ ಒಂದು ಕಾರ್ಖಾನೆ ಅಪಘಾತದ ಋಣವೂ ಇದೆ. ಒಂದೇ ದಿನದಲ್ಲಿ ಬಹುಪಾಲು ಮುದ್ರಣ ಮುಗಿಸಿದ ಅವರ ಮೊದಲ ಆಲ್ಬಂ 1970ರ ಫೆಬ್ರವರಿ 13ರಂದು ಹೊರಬಂತು. ಅದೇ ವರ್ಷ ಬಂದ 'ಪ್ಯಾರನಾಯ್ಡ್' ಅವರನ್ನು ಸಾಗರದಾಚೆಗೂ ಕೊಂಡೊಯ್ದಿತು. ಈ ಸಂಗೀತದ ವಂಶಾವಳಿ ಬೆಂಗಳೂರಿಗೂ ಅಪರಿಚಿತವಲ್ಲ. 2011ರಲ್ಲಿ ಅರಮನೆ ಮೈದಾನದಲ್ಲಿ ಸಹಸ್ರಾರು ಯುವಕರನ್ನು ಕುಣಿಸಿದ 'ಮೆಟಾಲಿಕಾ' ತಂಡ ತನ್ನನ್ನು ಬ್ಲ್ಯಾಕ್ ಸಬ್ಬತ್‌ನ ಶಿಷ್ಯಪರಂಪರೆಯೆಂದೇ ಹೇಳಿಕೊಳ್ಳುತ್ತದೆ. ವಿಲ್ಲಾ ಪಾರ್ಕ್‌ನ ಆ ಬೀಳ್ಕೊಡುಗೆಯಲ್ಲೂ ಅದು ನುಡಿಸಿತ್ತು.

ಹಣ ಬಂತು, ಜೊತೆಗೆ ಹಣ ಹುಡುಕಿಕೊಂಡು ಬರುವವರೂ ಬಂದರು. 1972ರಲ್ಲಿ ನಾಲ್ಕನೆಯ ಆಲ್ಬಂಗಾಗಿ ತಂಡ ಲಾಸ್ ಏಂಜಲೀಸ್‌ನಲ್ಲಿ ಬಿಡಾರ ಹೂಡಿದಾಗ ಮುದ್ರಣಕ್ಕಿಂತ ಕೊಕೇನ್‌ಗೆ ಆದ ಖರ್ಚೇ ಹೆಚ್ಚು ಎಂದು ಬಟ್ಲರ್ ನಂತರ ಹೇಳಿಕೊಂಡಿದ್ದಾರೆ. 1979ರಲ್ಲಿ ಓಸ್ಬೋರ್ನ್ ಅವರನ್ನು ತಂಡದಿಂದ ಹೊರಹಾಕಲಾಯಿತು. ಕುಡಿತ ಮತ್ತು ಮಾದಕ ದ್ರವ್ಯವೇ ಕಾರಣ ಎನ್ನಲಾಯಿತು. ಹೊರಹಾಕಿದವರೇನೂ ತೀರ್ಥ ಕುಡಿದು ಬದುಕುತ್ತಿದ್ದವರಲ್ಲ ಎಂಬುದು ಬೇರೆ ಮಾತು.

ಇಲ್ಲಿಂದ ಮುಂದಿನ ಅಧ್ಯಾಯವೇ ಗಮನಾರ್ಹ. ಮೊದಲ ಹತ್ತು ವರ್ಷಗಳಲ್ಲಿ ಅತಿರೇಕವೆಂಬುದು ಖ್ಯಾತಿಯ ಹಿಂದೆ ಬಂದ ನೆರಳಾಗಿತ್ತು. 1980ರ ನಂತರ ಅದೇ ಮಾರಾಟದ ಸರಕಾಯಿತು. ತಂಡದ ವ್ಯವಸ್ಥಾಪಕ ಡಾನ್ ಆರ್ಡನ್ ಅವರ ಮಗಳು ಶರೋನ್, ಓಸ್ಬೋರ್ನ್ ಅವರ ವ್ಯವಹಾರವನ್ನು ಕೈಗೆತ್ತಿಕೊಂಡರು. 1982ರ ಜುಲೈ 4ರಂದು ಇಬ್ಬರೂ ಮದುವೆಯಾದರು. 1981ರಲ್ಲಿ ರೆಕಾರ್ಡ್ ಕಂಪನಿಯ ಅಧಿಕಾರಿಗಳ ಸಭೆಯಲ್ಲಿ, ಶಾಂತಿಯ ಸಂಕೇತವಾಗಿ ಹಾರಿಬಿಡಲು ತಂದಿದ್ದ ಪಾರಿವಾಳದ ತಲೆಯನ್ನು ಓಸ್ಬೋರ್ನ್ ಕಚ್ಚಿ ಕಿತ್ತರು. ಕಂಪನಿಯವರು ಹೌಹಾರಿದರು, ಆದರೆ ಒಪ್ಪಂದವನ್ನು ಹರಿದೆಸೆಯಲಿಲ್ಲ. 1982ರ ಜನವರಿ 20ರಂದು ಅಯೋವಾ ರಾಜ್ಯದ ಡಿಮಾಯಿನ್ ನಗರದಲ್ಲಿ ಪ್ರೇಕ್ಷಕನೊಬ್ಬ ಎಸೆದ ಬಾವಲಿಯನ್ನು ರಬ್ಬರಿನ ಆಟಿಕೆಯೆಂದು ಭಾವಿಸಿ ಕಚ್ಚಿದ್ದಾಗಿ ಅವರೇ ವಿವರಣೆ ನೀಡಿದ್ದಾರೆ. ರೇಬಿಸ್ ಚುಚ್ಚುಮದ್ದುಗಳ ಸರಣಿಯನ್ನೇ ತೆಗೆದುಕೊಳ್ಳಬೇಕಾಯಿತು. ಮರುತಿಂಗಳೇ ಟೆಕ್ಸಾಸ್‌ನ ಅಲಾಮೋ ಸ್ಮಾರಕದ ಬಳಿ ಮೂತ್ರ ಮಾಡಿ ಬಂಧನ, ಸ್ಯಾನ್ ಆಂಟೋನಿಯೋ ನಗರದಲ್ಲಿ ಹತ್ತು ವರ್ಷ ನಿಷೇಧ. ಪ್ರತಿ ಹಗರಣವೂ ಪುಕ್ಕಟೆ ಜಾಹೀರಾತಾಯಿತು. 2019ರಲ್ಲಿ, ಬಾವಲಿ ಪ್ರಕರಣದ 37ನೇ ವಾರ್ಷಿಕೋತ್ಸವದಂದು, ತಲೆ ಕಿತ್ತು ಮತ್ತೆ ಅಂಟಿಸಬಹುದಾದ ಬಾವಲಿ ಬೊಂಬೆಗಳನ್ನು ಮಾರಾಟಕ್ಕಿಡಲಾಯಿತು ಎಂದರೆ ಈ ವ್ಯಾಪಾರದ ಜಾಣ್ಮೆ ಅರ್ಥವಾದೀತು.

ಬೊಂಬೆಯಾಗಿ ಮಾರಲಾಗದ ಘಟನೆಯೊಂದು ಅದೇ ಪ್ರವಾಸದಲ್ಲಿ ನಡೆಯಿತು. 1982ರ ಮಾರ್ಚ್ 19ರ ಬೆಳಿಗ್ಗೆ, ಫ್ಲಾರಿಡಾದ ಲೀಸ್‌ಬರ್ಗ್‌ನಲ್ಲಿ ತಂಡದ ಬಸ್ಸು ತಂಗಿತ್ತು. ಬಸ್ಸಿನ ಚಾಲಕ ವಿಮಾನ ಹಾರಿಸುವುದನ್ನೂ ಬಲ್ಲವನಾಗಿದ್ದ. ಅಲ್ಲಿದ್ದ ಸಣ್ಣ ವಿಮಾನದಲ್ಲಿ ಗಿಟಾರ್ ವಾದಕ ರಾಂಡಿ ರೋಡ್ಸ್ ಮತ್ತು ತಂಡದ ಉಡುಗೆ ತೊಡುಗೆ ನೋಡಿಕೊಳ್ಳುತ್ತಿದ್ದ ಮಹಿಳೆಯನ್ನು ಕೂರಿಸಿಕೊಂಡು ಹಾರಿದ. ತಂಡದವರು ಮಲಗಿದ್ದ ಬಸ್ಸಿನ ಮೇಲೆ ತೀರಾ ತಗ್ಗಿನಲ್ಲಿ ಹಾರುವಾಗ ರೆಕ್ಕೆ ಬಸ್ಸಿಗೆ ಬಡಿದು, ವಿಮಾನ ಮನೆಯೊಂದಕ್ಕೆ ಅಪ್ಪಳಿಸಿ ಹೊತ್ತಿ ಉರಿಯಿತು. ಮೂವರೂ ಸತ್ತರು. ಚಾಲಕನ ದೇಹದಲ್ಲಿ ಕೊಕೇನ್ ಅಂಶ ಪತ್ತೆಯಾಯಿತು. ರೋಡ್ಸ್‌ಗೆ ಆಗ ಕೇವಲ 25 ವರ್ಷ. ಶವಪರೀಕ್ಷೆಯಲ್ಲಿ ಅವರ ದೇಹದಲ್ಲಿ ತಂಬಾಕಿನ ಅಂಶದ ಹೊರತು ಬೇರೇನೂ ಸಿಗಲಿಲ್ಲ. ಶಾಸ್ತ್ರೀಯ ಗಿಟಾರ್ ಕಲಿಯಲು ಪ್ರವಾಸದ ನಡುವೆಯೂ ಸಿಕ್ಕ ಸಿಕ್ಕ ಊರುಗಳಲ್ಲಿ ಗುರುಗಳನ್ನು ಹುಡುಕುತ್ತಿದ್ದ ಯುವಕ ಆತ. ಆ ದುರಂತವನ್ನು ಓಸ್ಬೋರ್ನ್ ತಲೆಗೆ ಕಟ್ಟುವುದು ನ್ಯಾಯವಲ್ಲ, ಅವರು ನಿದ್ರೆಯಲ್ಲಿದ್ದರು. ಆದರೆ ಚಾಲಕನೊಬ್ಬ ಅಮಲಿನಲ್ಲಿದ್ದಾನೆಯೇ ಎಂದು ಯಾರೂ ಕೇಳದ ವಾತಾವರಣ ಆ ಬಸ್ಸಿನದಾಗಿತ್ತು. ಏಪ್ರಿಲ್‌ನಲ್ಲೇ ಹೊಸ ಗಿಟಾರ್ ವಾದಕನೊಡನೆ ಪ್ರವಾಸ ಮುಂದುವರಿಯಿತು. ಟಿಕೆಟ್ ಮಾರಾಟವಾಗಿತ್ತು.

ಮನೆಯೊಳಗಿನ ಕತೆ ಇನ್ನೂ ಕಠೋರ. 1989ರ ಸೆಪ್ಟೆಂಬರ್‌ನಲ್ಲಿ, ಅಮಲಿನಲ್ಲಿದ್ದ ಓಸ್ಬೋರ್ನ್ ಪತ್ನಿಯ ಕತ್ತು ಹಿಸುಕಿದರು. ಕೊಲೆ ಯತ್ನದ ಆರೋಪದ ಮೇಲೆ ಬಂಧನವಾಯಿತು. ಬೆಳಿಗ್ಗೆ ಸೆರೆಕೋಣೆಯಲ್ಲಿ ಎಚ್ಚರವಾದಾಗ ಹಿಂದಿನ ರಾತ್ರಿಯದು ನೆನಪಿರಲಿಲ್ಲ ಎಂದು ಅವರು ಹೇಳಿದ್ದಾರೆ. ಶರೋನ್ ದೂರನ್ನು ಮುಂದುವರಿಸಲಿಲ್ಲ. ಮೂವರು ಚಿಕ್ಕ ಮಕ್ಕಳ ತಾಯಿ ಅವರು, ಜೊತೆಗೆ ಪತಿಯ ವೃತ್ತಿಯನ್ನು ನಡೆಸುತ್ತಿದ್ದ ವ್ಯವಸ್ಥಾಪಕಿ. ಎರಡೂ ಪಾತ್ರಗಳ ಹಿತ ಒಂದೇ ದಿಕ್ಕಿನಲ್ಲಿರಲಿಲ್ಲ. ಅವರು ಪತಿಯನ್ನು ಚಿಕಿತ್ಸೆಗೆ ಕಳುಹಿಸಿ, ಸಂಸಾರವನ್ನೂ ಉದ್ಯಮವನ್ನೂ ಉಳಿಸಿಕೊಂಡರು. ಬಾವಲಿಯ ಬಗ್ಗೆ ಬರೆದವರಲ್ಲಿ ಎಷ್ಟು ಮಂದಿ ಈ ರಾತ್ರಿಯ ಬಗ್ಗೆ ಅಷ್ಟೇ ಉತ್ಸಾಹದಿಂದ ಬರೆದರು?

2002ರಲ್ಲಿ ಎಂಟಿವಿ ವಾಹಿನಿ ಆರಂಭಿಸಿದ 'ದಿ ಓಸ್ಬೋರ್ನ್ಸ್' ಧಾರಾವಾಹಿ ಇಡೀ ಸಂಸಾರವನ್ನು ತೆರೆಗೆ ತಂದಿತು. ತೊದಲುವ, ನಡುಗುವ, ಟಿವಿಯ ರಿಮೋಟ್ ಬಳಸಲು ತಡಕಾಡುವ ಅಪ್ಪನನ್ನು ಕಂಡು ಅಮೆರಿಕ ಬಿದ್ದು ಬಿದ್ದು ನಕ್ಕಿತು. 2003ರ ಡಿಸೆಂಬರ್‌ನಲ್ಲಿ ಓಸ್ಬೋರ್ನ್ 'ಲಾಸ್ ಏಂಜಲೀಸ್ ಟೈಮ್ಸ್' ಪತ್ರಿಕೆಗೆ ಬಹಿರಂಗಪಡಿಸಿದ ಸಂಗತಿ ಆ ನಗುವನ್ನು ಕಹಿಯಾಗಿಸುವಂತಿತ್ತು: ಒಂದು ಹಂತದಲ್ಲಿ ವೈದ್ಯರ ಚೀಟಿಯಂತೆ ದಿನಕ್ಕೆ 42 ಮಾತ್ರೆಗಳವರೆಗೆ ನುಂಗುತ್ತಿದ್ದರಂತೆ. ಅದೇ ತಿಂಗಳು ತಮ್ಮ ಇಂಗ್ಲೆಂಡಿನ ತೋಟದಲ್ಲಿ ನಾಲ್ಕು ಚಕ್ರದ ಬೈಕ್ ಉರುಳಿ ಕುತ್ತಿಗೆಯ ಮೂಳೆ ಮುರಿಯಿತು. 2019ರಲ್ಲಿ ಮನೆಯಲ್ಲಿ ಬಿದ್ದಾಗ ಅದೇ ಹಳೆಯ ಗಾಯ ಮರುಕಳಿಸಿತು. 2020ರ ಜನವರಿಯಲ್ಲಿ ಪಾರ್ಕಿನ್ಸನ್ ಕಾಯಿಲೆ ಇರುವುದನ್ನು ಪ್ರಕಟಿಸಿದರು. ಅದು ಜೀನ್‌ಗಳಿಗೆ ಸಂಬಂಧಿಸಿದ ಬಗೆಯೆಂದು ಅವರೇ ತಿಳಿಸಿದ್ದರಿಂದ, ಕಾಯಿಲೆಯನ್ನು ವ್ಯಸನದ ಶಿಕ್ಷೆಯೆಂದು ಬಣ್ಣಿಸುವುದು ಸಲ್ಲದು.

ಬದುಕುಳಿದದ್ದು ಹೇಗೆ ಎಂಬ ಕುತೂಹಲ ವಿಜ್ಞಾನಿಗಳನ್ನೂ ಬಿಡಲಿಲ್ಲ. 2010ರಲ್ಲಿ ಕಂಪನಿಯೊಂದು ಅವರ ಸಂಪೂರ್ಣ ಜೀನೋಮ್ ಓದಿ, ಮದ್ಯವನ್ನು ದೇಹ ಅರಗಿಸಿಕೊಳ್ಳುವ ಬಗೆಗೆ ಸಂಬಂಧಿಸಿದ ಕೆಲವು ಅಪರೂಪದ ವ್ಯತ್ಯಾಸಗಳನ್ನು ಗುರುತಿಸಿತು. ಒಬ್ಬ ಮನುಷ್ಯನ ಜೀನೋಮ್‌ನಿಂದ ಹೆಚ್ಚಿನದೇನೂ ಸಾಬೀತಾಗದು. ಆದರೆ ಅದೇ ಪೀಳಿಗೆಯ ಪಟ್ಟಿ ಕಣ್ಣಮುಂದಿದೆ. 'ದಿ ಹೂ' ತಂಡದ ಕೀತ್ ಮೂನ್ 1978ರಲ್ಲಿ, 32ನೇ ವಯಸ್ಸಿಗೆ, ಕುಡಿತ ಬಿಡಿಸಲೆಂದು ಕೊಟ್ಟ ಮಾತ್ರೆಗಳನ್ನೇ ಅತಿಯಾಗಿ ನುಂಗಿ ಸತ್ತರು. 'ಎಸಿ/ಡಿಸಿ'ಯ ಬಾನ್ ಸ್ಕಾಟ್ 1980ರ ಫೆಬ್ರವರಿಯಲ್ಲಿ, 33ಕ್ಕೆ, ರಾತ್ರಿಯಿಡೀ ಕುಡಿದು ಕಾರಿನಲ್ಲಿ ಮಲಗಿದವರು ಏಳಲಿಲ್ಲ. 'ಲೆಡ್ ಜೆಪ್ಲಿನ್' ತಂಡದ ಜಾನ್ ಬೊನ್‌ಹ್ಯಾಮ್ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ, 32ಕ್ಕೆ, ಅತಿಯಾದ ವೋಡ್ಕಾ ಸೇವನೆಯ ನಂತರ ನಿದ್ರೆಯಲ್ಲೇ ತೀರಿಕೊಂಡರು. ಸತ್ತವರ ಕತೆ ಎಚ್ಚರಿಕೆಯಾಗುತ್ತದೆ, ಉಳಿದವನ ಕತೆ ಪುರಾಣವಾಗುತ್ತದೆ. ಹದಿಹರೆಯದ ಅಭಿಮಾನಿಯ ಕೋಣೆಯ ಗೋಡೆಯ ಮೇಲೆ ಅಂಟುವುದು ಎರಡನೆಯದೇ.

ಓಸ್ಬೋರ್ನ್ ಈ ಪುರಾಣವನ್ನು ನಂಬಿರಲಿಲ್ಲ ಎಂಬುದು ಅವರ ಪರವಾಗಿ ಹೇಳಬೇಕಾದ ಮಾತು. ತಾನು ಒಳ್ಳೆಯ ತಂದೆಯಾಗಿರಲಿಲ್ಲ ಎಂದು, ವಿಶೇಷವಾಗಿ 1971ರ ಮೊದಲ ಮದುವೆಯ ಮಕ್ಕಳ ವಿಷಯದಲ್ಲಿ, ಅವರು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದರು. ವಿಲ್ಲಾ ಪಾರ್ಕ್ ಕಾರ್ಯಕ್ರಮದ ಲಾಭವನ್ನು ಪಾರ್ಕಿನ್ಸನ್ ಸಂಶೋಧನೆಗೂ, ಬರ್ಮಿಂಗ್‌ಹ್ಯಾಮ್‌ನ ಮಕ್ಕಳ ಆಸ್ಪತ್ರೆ ಹಾಗೂ ಮಕ್ಕಳ ಆರೈಕೆ ಸಂಸ್ಥೆಗೂ ಮೀಸಲಿಡಲಾಗಿತ್ತು.

ಜುಲೈ 30ರಂದು ಅವರ ಪಾರ್ಥಿವ ಶರೀರ ಬರ್ಮಿಂಗ್‌ಹ್ಯಾಮ್‌ನ ಬ್ರಾಡ್ ಸ್ಟ್ರೀಟ್‌ನಲ್ಲಿ, ತಂಡದ ಹೆಸರಿಟ್ಟ ಸೇತುವೆಯ ಬಳಿ ಕ್ಷಣಕಾಲ ನಿಂತು ಸಾಗಿದಾಗ ಸಹಸ್ರಾರು ಜನ ರಸ್ತೆಯ ಇಕ್ಕೆಲಗಳಲ್ಲಿ ನೆರೆದಿದ್ದರು. ಪತ್ನಿ, ಮಕ್ಕಳು ವಾಹನದಿಂದಿಳಿದು ಅಭಿಮಾನಿಗಳು ರಾಶಿ ಹಾಕಿದ್ದ ಹೂಗಳ ಮುಂದೆ ನಿಂತರು. ಮುಂದಿನ ತಿಂಗಳು ಬೆಳಕಿಗೆ ಬಂದ ಮರಣ ಪ್ರಮಾಣಪತ್ರದಲ್ಲಿ ಸಾವಿಗೆ ಹೃದಯಾಘಾತ ಕಾರಣವೆಂದೂ, ಹೃದಯದ ರಕ್ತನಾಳದ ಕಾಯಿಲೆ ಹಾಗೂ ಪಾರ್ಕಿನ್ಸನ್ ಜೊತೆಗಿದ್ದವೆಂದೂ ನಮೂದಾಗಿತ್ತು. ವೃತ್ತಿಯ ಅಂಕಣದಲ್ಲಿ ಗೀತರಚನೆಕಾರ, ಕಲಾವಿದ ಎಂಬುದರ ಜೊತೆಗೆ 'ರಾಕ್ ದಂತಕತೆ' ಎಂದೂ ಬರೆಸಲಾಗಿತ್ತು.