ಮನೆಯ ಪೀಠ, ಪರರ ಚಿತ್ತಾರ

ಲ್ಯಾಪ್‌ಟಾಪ್ ಇಡುವ ಪೀಠವನ್ನು ತೆಳು ಹಲಗೆಯಲ್ಲಿ ಲೇಸರ್ ಯಂತ್ರದಿಂದ ಕೊರೆದು, ಚಿತ್ತಾರಗೊಳಿಸಿ, ಮನೆಯಲ್ಲಿಯೇ ಜೋಡಿಸಿಕೊಳ್ಳುವ ಹವ್ಯಾಸವು ಈಚೆಗೆ ಸುಶಿಕ್ಷಿತ ಮನೆತನಗಳಲ್ಲಿ ಕಾಲಿಟ್ಟಿದೆ. ಹವ್ಯಾಸವೇನೋ ಒಳ್ಳೆಯದೇ. ಆದರೆ ಅದರ ಬೆನ್ನಿಗೆ ಒಂದು ಸುಳ್ಳು ಹೆಮ್ಮೆಯೂ ಒಳಹೊಕ್ಕಿದೆ. ಯಾರೋ ಎಲ್ಲಿಯೋ ಬರೆದ ನಕ್ಷೆಯನ್ನು ಇಳಿಸಿಕೊಂಡು, ಯಂತ್ರಕ್ಕೆ ಉಣಿಸಿ, ಹೊರಬಂದ ತುಣುಕುಗಳನ್ನು ಸಿಕ್ಕಿಸಿ, 'ಇದು ನಾವೇ ಮಾಡಿದ್ದು' ಎಂದು ಬಂದವರಿಗೆಲ್ಲ ತೋರಿಸುವುದೇ ಆ ಹೆಮ್ಮೆ. ಅನ್ನವನ್ನು ಖಾನಾವಳಿಯಿಂದ ತರಿಸಿ, ಎಲೆಯನ್ನು ಮಾತ್ರ ತಾನು ಹಾಸಿದವನು 'ಅಡಿಗೆ ನನ್ನದು' ಎಂದರೆ ಉಣ್ಣುವವರು ಒಪ್ಪುವರೇ?

ರಾಮದುರ್ಗ ತಾಲೂಕಿನ ಸಾಲಹಳ್ಳಿಯಂತಹ ಊರಿಗೆ ಈ ವಸ್ತುವು ತೀರ ಹೊಸದಲ್ಲ. ಶ್ರಾವಣದಲ್ಲಿ ಪುರಾಣ ಹಚ್ಚುವ ಈ ಸೀಮೆಯ ಜನಕ್ಕೆ ವ್ಯಾಸಪೀಠವು ಚಿರಪರಿಚಿತವಾದುದು. ಎರಡು ಹಲಗೆಗಳು ಕತ್ತರಿಯಂತೆ ಹಾಯ್ದು ನಿಂತು ಗ್ರಂಥದ ಭಾರವನ್ನು ಹೊರುವ ಆ ಯುಕ್ತಿಯ ಸಂತಾನವೇ, ಸೀಳಿಗೆ ಸೀಳು ಕಚ್ಚಿಸಿ ಮೊಳೆಯಿಲ್ಲದೆ ನಿಲ್ಲಿಸುವ ಇಂದಿನ ಪೀಠ. ಗ್ರಂಥವಿದ್ದಲ್ಲಿ ಗಣಕವು ಬಂದಿತು. ಓದುವವನ ಬಾಗಿದ ಕತ್ತು ಮಾತ್ರ ಹಾಗೆಯೇ ಉಳಿದಿದೆ.

ಇಲ್ಲಿ ಕೆಲವರು, 'ಯಂತ್ರವು ಕೊರೆದುದು ಕರಕೌಶಲವೇ ಅಲ್ಲ. ಇದು ಪರದೇಶದ ವಿದ್ಯೆ, ಹಳ್ಳಿಗೆ ಸಲ್ಲದು' ಎಂದು ಮೂಗು ಮುರಿಯುವರು. ಈ ಆಕ್ಷೇಪಣೆಯಲ್ಲಿ ಹುರುಳಿಲ್ಲ. ಹಲಗೆಯನ್ನು ಕೊರೆಯಲು ಬಹಳವಾಗಿ ಬಳಸುವ ಇಂಗಾಲದ ಡೈಆಕ್ಸೈಡ್ ಲೇಸರನ್ನು 1964ರಲ್ಲಿ ಅಮೇರಿಕೆಯ ಬೆಲ್ ಪ್ರಯೋಗಶಾಲೆಯಲ್ಲಿ ಕಂಡುಹಿಡಿದ ಸಿ. ಕುಮಾರ ಪಟೇಲರು 1938ರಲ್ಲಿ ಹುಟ್ಟಿದುದು ಬಾರಾಮತಿಯಲ್ಲಿ. ಬೆಳಗಾವಿ ಜಿಲ್ಲೆಯಂತೆ ಆ ಊರೂ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಪುಣೆಯ ಹತ್ತಿರದ ಪಾಬಳವೆಂಬ ಹಳ್ಳಿಯ ವಿಜ್ಞಾನ ಆಶ್ರಮದಲ್ಲಿ 2002ರಲ್ಲಿಯೇ ಇಂತಹ ಯಂತ್ರಗಳ ಕಾರ್ಯಶಾಲೆಯು ತೆರೆಯಿತು. ಪಾಬಳಕ್ಕೆ ಸಂದುದು ಸಾಲಹಳ್ಳಿಗೆ ಏಕೆ ಸಲ್ಲದು? ಉಳಿಯೂ ಗರಗಸವೂ ಒಂದು ಕಾಲಕ್ಕೆ ಹೊಸ ಸಾಧನಗಳೇ ಆಗಿದ್ದವು. ಆದುದರಿಂದ ದೋಷವು ಯಂತ್ರದಲ್ಲಿಲ್ಲ. ಬುದ್ಧಿಯನ್ನೂ ಯಂತ್ರದೊಡನೆ ಬಾಡಿಗೆಗೆ ತರುವ ಆಲಸ್ಯದಲ್ಲಿದೆ.

ಆ ಆಲಸ್ಯಕ್ಕೆ ಹಲಗೆಯೇ ಮೊದಲು ಶಿಕ್ಷೆ ಕೊಡುತ್ತದೆ. ಅಂಗಡಿಯವನು 3 ಮಿಲಿಮೀಟರ್ ಎಂದು ಕೊಟ್ಟ ಪ್ಲೈವುಡ್ಡು ಅಳೆದು ನೋಡಿದರೆ ಹಲವು ವೇಳೆ ಅಷ್ಟಿರುವುದಿಲ್ಲ. ಕಿರಣವು ಹಾಯ್ದಲ್ಲಿ ಕೂದಲೆಳೆಯಷ್ಟು ಕಟ್ಟಿಗೆಯು ಉರಿದುಹೋಗಿ ಸೀಳು ಅಗಲವಾಗುತ್ತದೆ. ಇವೆರಡನ್ನೂ ಲೆಕ್ಕಿಸದೆ ಕೊರೆದ ಪೀಠವು ಒಂದೋ ಕಚ್ಚದು, ಇಲ್ಲವೆ ಅಲುಗಾಡುವುದು. ಊರ ಬಡಿಗನು ಮರವನ್ನು ಮುಟ್ಟಿ, ಅಳೆದು, ಬಳಿಕ ಉಳಿ ಹಿಡಿಯುತ್ತಿದ್ದುದರ ಅರ್ಥವು ಆಗ ತಿಳಿಯುತ್ತದೆ. ಮೊದಲು ಒಂದು ಚೂರಿನಲ್ಲಿ ಸೀಳನ್ನು ಕೊರೆದು ಪರೀಕ್ಷಿಸದವನು ಕೆಲಸಗಾರನಲ್ಲ.

ಚಿತ್ತಾರದ ಮಾತು ಇನ್ನೂ ಗಂಭೀರವಾದುದು. ಅಜ್ಜಿಯ ಪೆಟ್ಟಿಗೆಯಲ್ಲಿ ಕಸೂತಿಯ ಇಳಕಲ್ಲ ಸೀರೆಯು ಮಡಿಚಿಕೊಂಡು ಬಿದ್ದಿರಲು, ಮೊಮ್ಮಗನು ಪೀಠದ ಮೇಲೆ ಹೆಸರರಿಯದ ಪರದೇಶದ ಬಳ್ಳಿಯನ್ನು ಕೊರೆಯಿಸುವನು. ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳದೆ, ಎಳೆ ಎಣಿಸಿ ಎಣಿಸಿ ಗೋಪುರ, ತೇರು, ಆನೆ, ತುಳಸಿ ವೃಂದಾವನಗಳನ್ನು ಎತ್ತುವ ವಿದ್ಯೆ ಕಸೂತಿ. ಗವಂತಿ, ಮುರಗಿ, ನೇಯ್ಗಿ, ಮೆಂತಿ ಎಂಬ ಹೊಲಿಗೆಗಳೆಲ್ಲವೂ ಎಣಿಕೆಯ ಮೇಲೆ ನಿಂತವು. ಗಣಕಕ್ಕೆ ತಿಳಿಯುವ ಭಾಷೆಯೂ ಎಣಿಕೆಯೇ ಅಲ್ಲವೇ? ಅಜ್ಜಿಯ ಎಣಿಕೆಯನ್ನು ಚೌಕುಳಿ ಕಾಗದಕ್ಕೆ ಇಳಿಸಿ, ಅಲ್ಲಿಂದ ಯಂತ್ರಕ್ಕೆ ಒಪ್ಪಿಸುವುದು ಒಂದೆರಡು ಸಂಜೆಗಳ ಕೆಲಸ.

ಆದರೆ ಕಸೂತಿಯನ್ನು ಇದ್ದಂತೆ ಕೊರೆದರೆ ನಡೆಯದು. ಸುತ್ತಲೂ ಗೆರೆ ಮುಚ್ಚಿದ ಆಕೃತಿಯ ಒಳಭಾಗವೆಲ್ಲ ಕಳಚಿ ಬೀಳುತ್ತದೆ. ಅಲ್ಲಲ್ಲಿ ಕಟ್ಟಿಗೆಯ ಕೊಂಡಿಗಳನ್ನು ಉಳಿಸಬೇಕು. ಇದಕ್ಕೆ ಗುರುವೂ ದೂರವಿಲ್ಲ. ರಾಮದುರ್ಗವನ್ನು ಹಾಯ್ದು ಹರಿಯುವ ಮಲಪ್ರಭೆಯ ದಂಡೆಯಲ್ಲಿಯೇ ಕೆಳಗೆ ಐಹೊಳೆಯಿದೆ; ಅಲ್ಲಿಯ ಗುಡಿಗಳ ಕಲ್ಲಿನ ಜಾಲಂಧ್ರಗಳನ್ನು ನೋಡಿದರೆ ಸಾಕು. ಯಾವುದನ್ನು ತೆಗೆಯಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಕವೇ ಆ ಶಿಲ್ಪಿಯ ಕಲೆ. ಅವನ ರಂಧ್ರಗಳು ಅಂದಕ್ಕಷ್ಟೇ ಅಲ್ಲ, ಗಾಳಿ ಬೆಳಕುಗಳಿಗೂ ದಾರಿ. ಲ್ಯಾಪ್‌ಟಾಪಿನ ತಳವೂ ಬಿಸಿಯಾಗುವುದರಿಂದ ಪೀಠದ ನಡುವಿನ ರಂಧ್ರಗಳು ಅಲ್ಲಿಯೂ ಕೆಲಸಕ್ಕೆ ಬರುತ್ತವೆ; ಭಾರ ಹೊರುವ ಕಾಲುಗಳಲ್ಲಿ ಕೊರೆದವು ಪೀಠವನ್ನೇ ಮುರಿಯುತ್ತವೆ.

'ಉದ್ಯೋಗಸ್ಥರಿಗೆ ಇಷ್ಟು ಪುರಸತ್ತೆಲ್ಲಿ? ಸಿದ್ಧ ನಕ್ಷೆಯಿಂದ ಕಲಿತರೆ ತಪ್ಪೇನು?' ಎಂದು ಕೆಲವರು ಕೇಳಬಹುದು. ತಪ್ಪಿಲ್ಲ. ಮಗುವು ತಿದ್ದಿಯೇ ಅಕ್ಷರ ಕಲಿಯುತ್ತದೆ. ಆದರೆ ಜನ್ಮವಿಡೀ ತಿದ್ದುತ್ತಲೇ ಇರುವವನನ್ನು ಅಕ್ಷರಸ್ಥನೆನ್ನುವುದಿಲ್ಲ. ತಿದ್ದಿದ ಅಕ್ಷರವನ್ನು ತನ್ನ ಕಾವ್ಯವೆಂದು ಹೇಳಿಕೊಳ್ಳುವವನನ್ನು ಏನೆನ್ನಬೇಕೆಂಬುದನ್ನು ವಾಚಕರೇ ಬಲ್ಲರು. ಮೊದಲನೆಯ ಪೀಠವು ಪರರ ನಕ್ಷೆಯದಾಗಲಿ, ಬರೆದವರ ಹೆಸರನ್ನು ಹೇಳಲಿ, ಎರಡನೆಯದು ಸ್ವಂತದ್ದಾಗಲಿ.

ಕಣ್ಣಿಗೆ ಕಾಣದ ಆ ಕಿರಣದ ಮುಂದೆ ಕಣ್ಣಿನ ರಕ್ಷಣೆಯನ್ನೂ, ಹೊಗೆ ಹೊರಹೋಗಲು ದಾರಿಯನ್ನೂ ಮರೆಯದಿರುವುದು ಗೃಹಸ್ಥರ ಧರ್ಮ. ಅದರಂತೆಯೇ, ಎಳೆ ಎಣಿಸಬಲ್ಲ ಕಣ್ಣುಗಳು ಮನೆಯಲ್ಲಿರುವಾಗಲೇ ಅವರ ಬಳಿ ಕುಳಿತು ಎಣಿಕೆಯನ್ನು ಬರೆದುಕೊಳ್ಳುವುದೂ ಒಂದು ಧರ್ಮ. ಯಂತ್ರವು ನಾಳೆಯೂ ದೊರೆಯುತ್ತದೆ; ಆ ಅಜ್ಜಿಯು ದೊರೆಯಲಾರಳು.