ಕಲಿಸುವುದನ್ನೂ ಕಲಿಯಬೇಕು

ಮನೆಯಲ್ಲೊಬ್ಬರಿಗೆ ಮೆಡಿಕಲ್ ಸೀಟು ಸಿಕ್ಕರೆ ನಾವು ಕೇಳೋದು ಎರಡೇ: ಯಾವ ಕಾಲೇಜು, ಫೀಸೆಷ್ಟು? ಅಲ್ಲಿ ಪಕ್ಕದಲ್ಲಿ ನಿಂತು ಕಲಿಸುವವರು ಯಾರು ಅಂತ ಕೇಳುವುದಿಲ್ಲ.

ಕರಾವಳಿಯ ಮಕ್ಕಳು ನಾಳೆ ರಾಯಚೂರಿನ ರಿಮ್ಸ್‌ಗೂ ಸೇರಬಹುದು. ಎಂಡಿ, ಎಂಎಸ್ ಓದುವವರು 3 ತಿಂಗಳು ಜಿಲ್ಲೆಯ ಸರಕಾರಿ ಆರೋಗ್ಯ ವ್ಯವಸ್ಥೆಯಲ್ಲಿ ದುಡಿಯಬೇಕೆಂಬ ನಿಯಮ 2020ರಲ್ಲೇ ಬಂದಿದೆ. ಕುಟುಂಬ ವೈದ್ಯಕೀಯದ ಡಿಎನ್‌ಬಿ 3 ವರ್ಷದ ಕೋರ್ಸು. ಇವರ ನಿಜವಾದ ಪಾಠ ನಡೆಯುವುದು ರೋಗಿಯ ಎದುರು.

ದೇವದುರ್ಗದ ಕೂಲಿಕಾರರೊಬ್ಬರಿಗೆ ಬಿಪಿ ಇದೆ ಎನ್ನಿ. ಕಲಿಯುವ ವೈದ್ಯ ಮಾತ್ರೆ ಬರೆಯುತ್ತಾನೆ. "ಇವರು ಗುಳೆ ಹೋದರೆ ಮಾತ್ರೆ ಎಲ್ಲಿ ಸಿಗುತ್ತೆ, ಕೇಳಿದ್ರಾ?" ಅಂತ ಹಿರಿಯರು ಎಚ್ಚರಿಸಬೇಕು. ಮಾನ್ವಿಯಲ್ಲಿ ತಲೆಸುತ್ತು ಎಂದು ಬಂದವರು ಭತ್ತದ ಗದ್ದೆಗೆ ಕೀಟನಾಶಕ ಹೊಡೆದಿದ್ದರೇ ಎಂದು ವಿಚಾರಿಸಲು ಕಲಿಸಬೇಕು. ಕುಟುಂಬ ವೈದ್ಯಕೀಯ ಎಂದರೆ ಇದೇ.

ಒಳ್ಳೆ ಮದ್ದು ಕೊಡುವವರೆಲ್ಲ ಒಳ್ಳೆ ಪಾಠ ಹೇಳ್ತಾರೆ ಅಂತೇನಿಲ್ಲ. ಉಮ್ಮ ಪತ್ತಿರ್ ಕಲಿಸಿದ್ದು ಹೇಗೆ? ಮೊದಲು ನೋಡಲು ಬಿಟ್ಟರು, ಮತ್ತೆ ಹಿಟ್ಟು ಕೈಗೆ ಕೊಟ್ಟರು, ಹರಿದಾಗ ಬೈಯದೆ ತಪ್ಪು ತೋರಿಸಿದರು. ಮೆಡಿಕಲ್ ಕಾಲೇಜಿನ ಅಧ್ಯಾಪಕರಿಗೆ ಬೋಧನಾ ತರಬೇತಿ ಇದೆ. ತಾಲೂಕು ಆಸ್ಪತ್ರೆಯಲ್ಲಿ ಕಲಿಸುವ ವೈದ್ಯರಿಗೂ ಅದು ಸಿಗಲಿ, ಕಲಿಸಲು ಸಮಯವೂ ಸಿಗಲಿ. ಇಲ್ಲದಿದ್ದರೆ ತಪ್ಪಿನ ಬೆಲೆ ತೆರುವುದು ಬಡ ರೋಗಿ.

ನಮ್ಮ ಪಾಲೂ ಇದೆ. ಎಳೆಯ ಡಾಕ್ಟರ್ ನಮ್ಮನ್ನು ನೋಡಿ, ಹಿರಿಯರನ್ನು ಕೇಳಲು ಎದ್ದು ಹೋದರೆ ಸಿಡುಕುವುದು ಬೇಡ. ಕೇಳಿ ಮಾಡುವವರನ್ನು ಧೈರ್ಯವಾಗಿ ನಂಬಬಹುದು.